ವಿದ್ವತ್ ಪುಸ್ತಕ ವಿಮರ್ಶೆ ಬರೆಯುವುದು ಹೇಗೆ: ತಪ್ಪು ಹೇಳುವ ಬಗೆ, ಓದುಗರನ್ನು ಜೊತೆಗೆ ಕರೆದೊಯ್ಯುವ ಬಗೆ

ಕನ್ನಡದಲ್ಲಿ ಬರುವ ಪುಸ್ತಕ ವಿಮರ್ಶೆಗಳನ್ನು ಸಾಲಾಗಿ ಓದುತ್ತಾ ಹೋದರೆ ಒಂದು ವಾಕ್ಯ ಮತ್ತೆ ಮತ್ತೆ ಸಿಗುತ್ತದೆ: ‘ಅಲ್ಲಲ್ಲಿ ಕಾಣುವ ಮುದ್ರಣ ದೋಷಗಳನ್ನು ಬಿಟ್ಟರೆ ಇದೊಂದು ಸಂಗ್ರಹಯೋಗ್ಯ ಕೃತಿ.’ ಮುನ್ನೂರು ಪುಟದ ಸಂಶೋಧನೆಯಲ್ಲಿ ವಿಮರ್ಶಕರಿಗೆ ಸಿಕ್ಕಿದ್ದು ಕಾಗುಣಿತದ ತಪ್ಪು ಮಾತ್ರ! ಇನ್ನೊಂದು ಬಗೆಯ ವಿಮರ್ಶೆಯೂ ಇದೆ. ಅದರಲ್ಲಿ ಮೊದಲ ಪ್ಯಾರಾದಿಂದಲೇ ಲೇಖಕರಿಗೆ ಛೀಮಾರಿ. ಯಾವ ಪುಟದ ಯಾವ ಮಾತು ತಪ್ಪು ಅಂತ ಹುಡುಕಿದರೆ ಸಿಗುವುದಿಲ್ಲ. ಎರಡನ್ನು ಓದಿದರೂ ಪುಸ್ತಕದ ಬಗ್ಗೆ ಏನೂ ಗೊತ್ತಾಗುವುದಿಲ್ಲ. ವಿಮರ್ಶಕರಿಗೂ ಲೇಖಕರಿಗೂ ಹೇಗಿದೆ ಅನ್ನೋದು ಮಾತ್ರ ಚೆನ್ನಾಗಿ ಗೊತ್ತಾಗುತ್ತದೆ.

ಇದು ಕನ್ನಡದ್ದೇ ಕಾಯಿಲೆ ಅಂದುಕೊಳ್ಳಬೇಡಿ. ಹೊಸ ಪುಸ್ತಕಗಳ ಸುದ್ದಿ ಕೊಡುವುದಕ್ಕೆಂದೇ ಪ್ಯಾರಿಸ್‌ನಲ್ಲಿ 1665ರ ಜನವರಿ 5ರಂದು ‘ಜುರ್ನಾಲ್ ದೆ ಸಾವಾನ್’ ಎಂಬ ಪತ್ರಿಕೆ ಹೊರಟಿತು. ಸಂಪಾದಕ ದೆನಿ ದ ಸಾಲೋ. ಅವರ ಟೀಕೆ ಖಾರವಾಗಿತ್ತು, ಮುನಿಸಿಕೊಂಡವರು ಜಾಸ್ತಿಯಾದರು, ಮೂರೇ ತಿಂಗಳಲ್ಲಿ ಪತ್ರಿಕೆ ನಿಂತಿತು. ಮರುವರ್ಷ ಬೇರೆಯವರ ಕೈಯಲ್ಲಿ ಮತ್ತೆ ಶುರುವಾದಾಗ ದನಿ ತಗ್ಗಿತ್ತು. ವಿದ್ವತ್ ಪತ್ರಿಕೆ ಹುಟ್ಟಿದ ದಿನದಿಂದಲೂ ಈ ಎಳೆದಾಟ ಇದೆ.

ಮೊದಲ ಸಲ ವಿಮರ್ಶೆಗೆ ಪುಸ್ತಕ ಕೈಗೆ ಬಂದಿರುವ ಸಂಶೋಧನ ವಿದ್ಯಾರ್ಥಿಗಳಿಗೆ, ಹೊಸ ಅಧ್ಯಾಪಕರಿಗೆ ಈ ಬರಹ. ಇದರಲ್ಲಿ ನನ್ನ ಪಟ್ಟು ಒಂದೇ. ಸಂಗತಿಯನ್ನು ಗಟ್ಟಿಯಾಗಿ ಹೇಳಿ, ತೀರ್ಪನ್ನು ಮೆತ್ತಗೆ ಹೇಳಿ. ನಮ್ಮಲ್ಲಿ ಹೆಚ್ಚಿನವರು ಇದನ್ನು ತಿರುಗಿಸಿ ಮಾಡುತ್ತಾರೆ.

ಹೆಜ್ಜೆ 1: ಒಪ್ಪಿಕೊಳ್ಳುವ ಮೊದಲು

ಲೇಖಕರು ನಿಮ್ಮ ಮಾರ್ಗದರ್ಶಕರೇ? ನಾಳೆ ನಿಮ್ಮ ಸಂದರ್ಶನ ಸಮಿತಿಯಲ್ಲಿ ಕೂರುವವರೇ? ನೀವು ಮುನ್ನುಡಿ ಬರೆದ ಪುಸ್ತಕವೇ? ಹಾಗಿದ್ದರೆ ಬೇಡ ಅಂದುಬಿಡಿ. ಕನ್ನಡದ ವಿದ್ವತ್ ವಲಯ ಚಿಕ್ಕದು, ಎಲ್ಲರಿಗೂ ಎಲ್ಲರೂ ಗೊತ್ತು. ಹಾಗಾಗಿ ಪರಿಚಯ ಇದ್ದರೆ ತಪ್ಪೇನಿಲ್ಲ, ಹಂಗು ಇರಬಾರದು ಅಷ್ಟೇ. ಪರಿಚಯ ಹತ್ತಿರದ್ದಾದರೆ ಸಂಪಾದಕರಿಗೆ ಒಂದು ಸಾಲು ಬರೆದು ತಿಳಿಸಿ.

ಹೆಜ್ಜೆ 2: ಓದುವಾಗ ಮೂರು ಪಟ್ಟಿ

ಪೆನ್ಸಿಲ್ ಹಿಡಿದು ಓದಿ. ಆಕ್ಷೇಪ ಹೊಳೆದ ಕೂಡಲೇ ಪುಟ ಸಂಖ್ಯೆಯ ಜೊತೆ ಬರೆದುಕೊಳ್ಳಿ. ಆದರೆ ಎಲ್ಲವನ್ನೂ ಒಂದೇ ಕಡೆ ಸುರಿಯಬೇಡಿ. ಮೂರು ಪಟ್ಟಿ ಮಾಡಿ.

ಮೊದಲನೆಯದು, ಸಂಗತಿಯ ತಪ್ಪುಗಳು. ಇಸವಿ, ಹೆಸರು, ಉಲ್ಲೇಖ, ಲೆಕ್ಕ, ಪಾಠ. ಇವನ್ನು ಯಾರು ಬೇಕಾದರೂ ಪರೀಕ್ಷಿಸಬಹುದು.

ಎರಡನೆಯದು, ವಾದದ ತೊಡಕುಗಳು. ಆಧಾರ ಸರಿಯಿದೆ, ಆದರೆ ಅದರಿಂದ ಆ ತೀರ್ಮಾನ ಬರುವುದಿಲ್ಲ. ಅಥವಾ 2ನೇ ಅಧ್ಯಾಯ ಹೇಳಿದ್ದನ್ನು 5ನೇ ಅಧ್ಯಾಯ ಮುರಿಯುತ್ತದೆ.

ಮೂರನೆಯದು, ಇಲ್ಲದಿರುವುದು. ನೋಡಲೇಬೇಕಿದ್ದ ಗ್ರಂಥ ನೋಡಿಲ್ಲ, ಎದುರಿಸಬೇಕಿದ್ದ ಪ್ರಶ್ನೆ ಎದುರಿಸಿಲ್ಲ.

ಪಟ್ಟಿ ಬೇರೆ ಮಾಡುವುದು ಯಾಕೆಂದರೆ ಮೂರಕ್ಕೂ ಬೇರೆ ಬೇರೆ ದನಿ ಬೇಕು. ಮೊದಲ ಪಟ್ಟಿಗೆ ನೇರ ಮಾತು. ಎರಡನೆಯದಕ್ಕೆ ತರ್ಕ. ಮೂರನೆಯದಕ್ಕೆ ತುಂಬ ಎಚ್ಚರ, ಅದರಲ್ಲೇ ಹೆಚ್ಚು ಅನ್ಯಾಯ ಆಗುವುದು.

ಹೆಜ್ಜೆ 3: ಪುಸ್ತಕ ಕೊಟ್ಟ ಮಾತು ಯಾವುದು?

ಪೀಠಿಕೆಯನ್ನು ಎರಡು ಸಲ ಓದಿ. ಓದಲು ಶುರು ಮಾಡುವಾಗ ಒಮ್ಮೆ, ಇಡೀ ಪುಸ್ತಕ ಮುಗಿದ ಮೇಲೆ ಇನ್ನೊಮ್ಮೆ. ಲೇಖಕರು ಏನು ಮಾಡುತ್ತೇನೆ ಅಂದಿದ್ದರೋ ಅದೇ ನಿಮ್ಮ ಅಳತೆಗೋಲು. ಒಂದು ಜಿಲ್ಲೆಯ ಕೆರೆ ಶಾಸನಗಳ ಮೇಲೆ ಒಬ್ಬರು ಪುಸ್ತಕ ಬರೆದಿದ್ದಾರೆ ಅಂದುಕೊಳ್ಳಿ. ‘ಶಾಸನಗಳಷ್ಟನ್ನೇ ಆಧಾರವಾಗಿ ಇಟ್ಟುಕೊಂಡಿದ್ದೇನೆ’ ಎಂದು ಅವರೇ ಹೇಳಿದ್ದಾರೆ. ಆಗ ‘ಜಾನಪದ ಕತೆಗಳ ಪ್ರಸ್ತಾಪವೇ ಇಲ್ಲ’ ಎಂದು ದೂರುವುದು ತಪ್ಪು. ಅದು ನೀವು ಬರೆಯಬೇಕೆಂದಿದ್ದ ಪುಸ್ತಕ, ಅವರದಲ್ಲ. ಅದೇ ಪೀಠಿಕೆ ‘ಜಿಲ್ಲೆಯ ಎಲ್ಲ ಕೆರೆ ಶಾಸನಗಳನ್ನೂ ಇಲ್ಲಿ ಪರಿಶೀಲಿಸಿದೆ’ ಅಂದಿದ್ದು, ಒಂದು ಇಡೀ ತಾಲೂಕು ಬಿಟ್ಟುಹೋಗಿದ್ದರೆ ಹೇಳಲೇಬೇಕು.

ಇದೇ ಕೆರೆ ಶಾಸನದ ಪುಸ್ತಕವನ್ನು ಮುಂದೆಯೂ ಉದಾಹರಣೆಗೆ ಇಟ್ಟುಕೊಳ್ಳೋಣ. ಪುಸ್ತಕ ಕಾಲ್ಪನಿಕ, ತೊಡಕುಗಳು ನಿಜ.

ಹೆಜ್ಜೆ 4: ಚೌಕಟ್ಟು

ಬ್ರೆಜಿಲಿನ ಭಾಷಾವಿಜ್ಞಾನಿ ದೆಸಿರೆ ಮೊಟ್ಟಾ-ರಾತ್ ರಸಾಯನಶಾಸ್ತ್ರ, ಭಾಷಾವಿಜ್ಞಾನ, ಅರ್ಥಶಾಸ್ತ್ರ ಈ ಮೂರರ ವಿಮರ್ಶೆಗಳನ್ನು ಹೋಲಿಸಿ ನೋಡಿದರು. ಒಂದಕ್ಕೊಂದು ಸಂಬಂಧವಿಲ್ಲದ ವಿಷಯಗಳಾದರೂ ವಿಮರ್ಶೆಯ ನಡಿಗೆ ಹೆಚ್ಚುಕಡಿಮೆ ಒಂದೇ. ಮೊದಲು ಪುಸ್ತಕದ ಪರಿಚಯ, ಆಮೇಲೆ ಒಳಗೆ ಏನಿದೆ ಎಂಬ ನಕ್ಷೆ, ಆಮೇಲೆ ಕೆಲವು ಭಾಗಗಳನ್ನು ಎತ್ತಿಕೊಂಡು ಮೌಲ್ಯಮಾಪನ, ಕೊನೆಗೆ ಒಟ್ಟು ತೀರ್ಪು. ಹೊಸಬರು ಇದನ್ನೇ ಹಿಡಿದುಕೊಂಡರೆ ಸಾಕು. ಒಂದೇ ಎಚ್ಚರಿಕೆ: ಎರಡನೆಯ ಹಂತದಲ್ಲಿ ಸಿಕ್ಕಿಹಾಕಿಕೊಳ್ಳಬೇಡಿ. ‘ಮೊದಲನೆಯ ಅಧ್ಯಾಯದಲ್ಲಿ… ಎರಡನೆಯ ಅಧ್ಯಾಯದಲ್ಲಿ…’ ಅಂತ ಪರಿವಿಡಿಯನ್ನೇ ಬಿಡಿಸಿ ಬರೆದು ಮುಗಿಸುವವರು ಬಹಳ. ಅದಕ್ಕೆ ವಿಮರ್ಶಕರು ಯಾಕೆ ಬೇಕು?

ಹೊಗಳಿಕೆ, ಟೀಕೆ ಎಲ್ಲೆಲ್ಲಿ ಬರುತ್ತವೆ ಎಂಬುದನ್ನು ಕೆನ್ ಹೈಲ್ಯಾಂಡ್ ಎಂಬ ಭಾಷಾವಿಜ್ಞಾನಿ ನೋಡಿದ್ದಾರೆ. 8 ವಿಷಯಗಳ 160 ಇಂಗ್ಲಿಷ್ ವಿಮರ್ಶೆಗಳನ್ನು ಇಟ್ಟುಕೊಂಡು ಮಾಡಿದ ಆ ಕೆಲಸ 2000ದಲ್ಲಿ ಪ್ರಕಟವಾಯಿತು. ಹೊಗಳಿಕೆ ಇಡೀ ಪುಸ್ತಕದ ಬಗ್ಗೆ ಇರುತ್ತದೆ, ಟೀಕೆ ಒಂದೊಂದು ಜಾಗದ ಬಗ್ಗೆ ಇರುತ್ತದೆ. ಶುರುವಿನಲ್ಲೂ ಕೊನೆಯಲ್ಲೂ ಹೊಗಳಿಕೆಯೇ ಜಾಸ್ತಿ. ವಿಜ್ಞಾನ, ಎಂಜಿನಿಯರಿಂಗ್ ಕಡೆಯವರಿಗಿಂತ ಮಾನವಿಕದವರು ಉದ್ದ ಬರೆಯುತ್ತಾರೆ, ಟೀಕೆಯನ್ನೂ ಹೆಚ್ಚು ಮಾಡುತ್ತಾರೆ. ಇತಿಹಾಸದಲ್ಲೋ ಸಾಹಿತ್ಯದಲ್ಲೋ ಪುಸ್ತಕವೇ ವಾದ. ಹಾಗಾಗಿ ಪುಸ್ತಕದ ಜೊತೆ ಜಗಳ ಆಡದೆ ಆ ವಿಷಯ ಮುಂದೆ ಹೋಗುವುದಿಲ್ಲ.

ನನಗೆ ಇದರಲ್ಲಿ ಒಂದು ತಕರಾರಿದೆ. ಕೊನೆಯಲ್ಲಿ ಹೊಗಳಲೇಬೇಕು ಎಂಬ ರೂಢಿ ಎಷ್ಟೋ ಸಲ ವಿಮರ್ಶೆಯನ್ನೇ ಕೆಡಿಸುತ್ತದೆ. ಮಧ್ಯದಲ್ಲಿ ಪುಸ್ತಕದ ಮುಖ್ಯ ವಾದ ನಿಲ್ಲುವುದಿಲ್ಲ ಎಂದು ತೋರಿಸಿ, ಕೊನೆಗೆ ‘ಎಲ್ಲರೂ ಓದಲೇಬೇಕಾದ ಕೃತಿ’ ಅಂದರೆ ಓದುಗರು ಯಾವುದನ್ನು ನಂಬಬೇಕು? ಮೆಚ್ಚುವುದಕ್ಕೆ ನಿಜವಾಗಿ ಏನಾದರೂ ಇದ್ದರೆ ಅದನ್ನೇ ಹೆಸರಿಸಿ. ‘ಅನುಬಂಧದಲ್ಲಿ ಕೊಟ್ಟಿರುವ ಶಾಸನ ಪಾಠಗಳಿಗಾಗಿಯೇ ಈ ಪುಸ್ತಕ ಕೈಯಲ್ಲಿರಬೇಕು’ ಎಂಬ ಮಾತು ಲೇಖಕರಿಗೂ ಖುಷಿ ಕೊಡುತ್ತದೆ, ಸುಳ್ಳೂ ಆಗುವುದಿಲ್ಲ. ‘ಶ್ಲಾಘನೀಯ’, ‘ಅಭಿನಂದನಾರ್ಹ’, ‘ಮೌಲಿಕ ಕೊಡುಗೆ’ ಈ ಮೂರನ್ನು ಮಾತ್ರ ಬಿಟ್ಟುಬಿಡಿ. ಯಾವ ಪುಸ್ತಕಕ್ಕೆ ಬೇಕಾದರೂ ಅಂಟಿಸಬಹುದಾದ ಮಾತು ಯಾವ ಪುಸ್ತಕದ ಬಗ್ಗೆಯೂ ಏನೂ ಹೇಳುವುದಿಲ್ಲ.

ಹೆಜ್ಜೆ 5: ಟೀಕೆಯ ವಾಕ್ಯ ಕಟ್ಟುವುದು

ಇಲ್ಲಿ ಸ್ವಲ್ಪ ನಿಧಾನ ಮಾಡೋಣ.

ಮೊದಲ ಪಟ್ಟಿಯಿಂದ ಶುರು ಮಾಡೋಣ. ನಮ್ಮ ಕೆರೆ ಶಾಸನದ ಪುಸ್ತಕದಲ್ಲಿ ಅಡಿಟಿಪ್ಪಣಿಗಳು ಸರಿಯಿಲ್ಲ. ಕೋಪ ಬಂದ ವಿಮರ್ಶಕರು ಹೀಗೆ ಬರೆಯುತ್ತಾರೆ: ‘ಲೇಖಕರಿಗೆ ಶಾಸನಾಧ್ಯಯನದ ಪ್ರಾಥಮಿಕ ಪರಿಚಯವೂ ಇಲ್ಲ.’ ಹೆದರಿದ ವಿಮರ್ಶಕರು ಹೀಗೆ: ‘ಅಡಿಟಿಪ್ಪಣಿಗಳ ಕಡೆ ಇನ್ನಷ್ಟು ಗಮನ ಹರಿಸಬಹುದಿತ್ತೇನೋ ಎನಿಸುತ್ತದೆ.’ ಮೊದಲನೆಯದು ಮನುಷ್ಯರ ಮೇಲೆ ಹೋಯಿತು. ಎರಡನೆಯದು ಎಲ್ಲಿಗೂ ಹೋಗಲಿಲ್ಲ. ಈಗ ಇದನ್ನು ನೋಡಿ (ಎ.ಕ. ಅಂದರೆ ಎಪಿಗ್ರಾಫಿಯ ಕರ್ನಾಟಿಕ, ಶಾಸನಗಳನ್ನು ಅಚ್ಚು ಹಾಕಿದ ಸಂಪುಟಗಳ ಮಾಲೆ):

‘84ನೇ ಪುಟದ ಅಡಿಟಿಪ್ಪಣಿಯಲ್ಲಿ “ಎ.ಕ. 5” ಎಂದಷ್ಟೇ ಇದೆ. ಎಪಿಗ್ರಾಫಿಯ ಕರ್ನಾಟಿಕದ ಹಳೆಯ ಮಾಲೆಯಲ್ಲಿ 5ನೇ ಸಂಪುಟ ಹಾಸನ ಜಿಲ್ಲೆಯದು. ಪರಿಷ್ಕೃತ ಮಾಲೆಯಲ್ಲಿ ಮೈಸೂರು ಜಿಲ್ಲೆಯದು. ಯಾವುದೆಂದು ಹೇಳದಿದ್ದರೆ ಶಾಸನವನ್ನು ತೆರೆದು ನೋಡಲು ಆಗುವುದಿಲ್ಲ.’

ಇದರಲ್ಲಿ ಒಂದೂ ಬೈಗುಳ ಇಲ್ಲ. ಲೇಖಕರ ಹೆಸರೂ ಇಲ್ಲ. ಹಳೆಯ ಮಾಲೆಯ ಸಂಪಾದಕ ಬಿ.ಎಲ್. ರೈಸ್ ಅವರ ಕಾಲದ ಸಂಪುಟಗಳಿಗೂ 1972ರಿಂದ ಮೈಸೂರು ವಿಶ್ವವಿದ್ಯಾನಿಲಯ ಹೊರತಂದ ಪರಿಷ್ಕೃತ ಸಂಪುಟಗಳಿಗೂ ಸಂಖ್ಯೆ ತಾಳೆಯಾಗುವುದಿಲ್ಲ ಎಂಬುದು ಶಾಸನ ಓದುವವರಿಗೆಲ್ಲ ಗೊತ್ತು. ಒಮ್ಮೆ ಅಲ್ಲಿ ಎಡವದವರು ಕಡಿಮೆ. ಹಾಗಾಗಿ ಓದುಗರು ಈ ವಾಕ್ಯ ಓದಿದ ಕೂಡಲೇ ‘ಹೌದಲ್ವಾ’ ಅಂದುಕೊಳ್ಳುತ್ತಾರೆ. ತೀರ್ಪನ್ನು ಅವರೇ ಕೊಡುತ್ತಾರೆ. ನೀವು ಕೊಡುವ ಅಗತ್ಯವೇ ಇಲ್ಲ.

ಎರಡನೆಯ ಪಟ್ಟಿ. ಜಿಲ್ಲೆಯ ಕೆರೆಗಳನ್ನೆಲ್ಲ ಅರಸರೇ ಕಟ್ಟಿಸಿದರು ಎಂಬುದು ಪುಸ್ತಕದ ವಾದ ಅಂದುಕೊಳ್ಳಿ. ಇಲ್ಲಿ ಅತಿ ಗಟ್ಟಿಯಾದ ಸಾಕ್ಷಿ ಪುಸ್ತಕದ ಒಳಗೇ ಇರುತ್ತದೆ, ಅದನ್ನು ಹುಡುಕಿ: ‘ಅನುಬಂಧದ ಶಾಸನಗಳೇ ಈ ವಾದಕ್ಕೆ ಅಡ್ಡ ಬರುತ್ತವೆ. ಅಲ್ಲಿ ಕೆರೆ ಕಟ್ಟಿಸಿದವರಾಗಿ ಗಾವುಂಡರು, ಸೆಟ್ಟಿಗಳು ಹಲವು ಕಡೆ ಕಾಣುತ್ತಾರೆ. ಕಟ್ಟುಕೊಡಗೆ, ಬಿತ್ತುವಟ್ಟಗಳನ್ನು ಕೊಟ್ಟವರು ಯಾರೆಂದು ನೋಡಿದ್ದರೂ ಚಿತ್ರ ಬದಲಾಗುತ್ತಿತ್ತು ಅನಿಸುತ್ತದೆ.’ (ಗಾವುಂಡರು ಅಂದರೆ ಊರಿನ ಮುಖ್ಯಸ್ಥರು, ಸೆಟ್ಟಿಗಳು ವ್ಯಾಪಾರಿಗಳು, ಕಟ್ಟುಕೊಡಗೆ ಮತ್ತು ಬಿತ್ತುವಟ್ಟ ಕೆರೆಯ ಸಲುವಾಗಿ ಕೊಡುತ್ತಿದ್ದ ದತ್ತಿಗಳು.) ಮೊದಲ ಎರಡು ವಾಕ್ಯ ಸಂಗತಿ. ಅಲ್ಲಿ ‘ಅನಿಸುತ್ತದೆ’ ಇಲ್ಲ. ಕೊನೆಯದು ಊಹೆ. ಅಲ್ಲಿ ಇದೆ. ಇಷ್ಟೇ ಗುಟ್ಟು. ಪರೀಕ್ಷಿಸಬಹುದಾದ ಮಾತಿಗೆ ‘ಅನಿಸುತ್ತದೆ’ ಸೇರಿಸಿದರೆ ನೀವು ಪುಸ್ತಕ ತೆರೆದು ನೋಡಿಲ್ಲ ಎಂಬ ಅನುಮಾನ ಬರುತ್ತದೆ. ಅಭಿಪ್ರಾಯಕ್ಕೆ ಅದನ್ನು ಸೇರಿಸದಿದ್ದರೆ ದರ್ಪ ಕಾಣುತ್ತದೆ.

ಮೂರನೆಯ ಪಟ್ಟಿಗೆ ಕನ್ನಡದಲ್ಲಿ ಒಂದು ಅನುಕೂಲ ಇದೆ. ಕ್ರಿಯಾಪದದ ತುದಿ ಬದಲಿಸಿದರೆ ಸಾಕು, ಟೀಕೆಯ ತೂಕ ಬದಲಾಗುತ್ತದೆ. ‘ಚರ್ಚಿಸಿಲ್ಲ’ ಅಂದರೆ ಬರೀ ವರದಿ. ‘ಚರ್ಚಿಸಬೇಕಿತ್ತು’ ಅಂದರೆ ಕರ್ತವ್ಯ ತಪ್ಪಿದ್ದಾರೆ. ‘ಚರ್ಚಿಸಬಹುದಿತ್ತು’ ಅಂದರೆ ಅವಕಾಶ ಬಿಟ್ಟಿದ್ದಾರೆ. ‘ಚರ್ಚಿಸಿದ್ದರೆ ಚೆನ್ನಾಗಿತ್ತು’ ಅಂದರೆ ನಿಮ್ಮ ಆಸೆ. ನಮ್ಮ ವಿಮರ್ಶೆಗಳಲ್ಲಿ ಎಲ್ಲದಕ್ಕೂ ‘ಬಹುದಿತ್ತು’ ಬಂದು ಕೂತಿದೆ. ಗಂಭೀರ ಲೋಪಕ್ಕೂ ಅದೇ, ಚಿಕ್ಕಾಸಿನ ವಿಷಯಕ್ಕೂ ಅದೇ. ಕೆರೆ ಶಾಸನದ ಪುಸ್ತಕ ಪರಿಷ್ಕೃತ ಸಂಪುಟಗಳನ್ನು ಮುಟ್ಟಿಯೇ ಇಲ್ಲದಿದ್ದರೆ ಅದು ‘ನೋಡಬೇಕಿತ್ತು’. ನಕ್ಷೆ ಬಣ್ಣದಲ್ಲಿ ಇಲ್ಲದಿದ್ದರೆ ಅದು ‘ಇದ್ದಿದ್ದರೆ ಚೆನ್ನಾಗಿತ್ತು’. ಬರೆದು ಮುಗಿಸಿದ ಮೇಲೆ ಪ್ರತಿ ‘ಬಹುದಿತ್ತು’ಗೂ ಗೆರೆ ಎಳೆದು, ಇದು ಈ ನಾಲ್ಕರಲ್ಲಿ ಯಾವುದು ಎಂದು ಕೇಳಿಕೊಳ್ಳಿ.

ಕರ್ತೃವನ್ನು ಬದಲಿಸುವುದೂ ಕೆಲಸಕ್ಕೆ ಬರುತ್ತದೆ. ‘ಲೇಖಕರು ಗೊಂದಲ ಮಾಡಿಕೊಂಡಿದ್ದಾರೆ’ ಅನ್ನುವ ಬದಲು ‘ಈ ಅಧ್ಯಾಯದಲ್ಲಿ ಎರಡು ಕಾಲಘಟ್ಟಗಳು ಬೆರೆತುಹೋಗಿವೆ’. ಹೊಗಳುವಾಗ ಮಾತ್ರ ‘ಲೇಖಕರು’ ಅನ್ನಿ, ತಪ್ಪು ಹೇಳುವಾಗ ‘ಅಧ್ಯಾಯ’, ‘ವಾದ’, ‘ಪಟ್ಟಿ’ ಅನ್ನಿ. ಇದನ್ನು ಕಪಟ ಅಂತ ಕೆಲವರು ಅಂದುಕೊಳ್ಳಬಹುದು. ನಿಮ್ಮ ಎದುರಿಗೆ ಇರುವುದು ಪುಸ್ತಕ ಮಾತ್ರ ತಾನೆ? ಲೇಖಕರ ತಲೆಯೊಳಗೆ ಏನಾಯಿತು ಅನ್ನೋದು ನಿಮಗೆ ಹೇಗೆ ಗೊತ್ತು?

ಮೆಚ್ಚುಗೆ ಮತ್ತು ಟೀಕೆಯನ್ನು ಒಂದೇ ವಾಕ್ಯದಲ್ಲಿ ಜೋಡಿಸುವುದು ಎಲ್ಲ ಭಾಷೆಯ ವಿಮರ್ಶಕರಿಗೂ ಇಷ್ಟ: ‘ಕ್ಷೇತ್ರಕಾರ್ಯ ವಿಸ್ತಾರವಾಗಿದೆ, ಆದರೆ ವಿಶ್ಲೇಷಣೆ ಅವಸರದ್ದು.’ ‘ಆದರೆ’ಯ ನಂತರ ಬಂದದ್ದೇ ಓದುಗರ ಮನಸ್ಸಿನಲ್ಲಿ ಉಳಿಯುತ್ತದೆ. ಟೀಕೆ ಮುಖ್ಯವಾದರೆ ಅದು ಹಿಂದೆ ಬರಲಿ. ಟೀಕೆ ಚಿಕ್ಕದಾದರೆ ತಿರುಗಿಸಿ: ‘ವಿಶ್ಲೇಷಣೆ ಅವಸರದ್ದು, ಆದರೆ ಕ್ಷೇತ್ರಕಾರ್ಯ ಇಷ್ಟು ವಿಸ್ತಾರವಾಗಿ ಬೇರೆ ಯಾರೂ ಮಾಡಿಲ್ಲ.’ ಪ್ಯಾರಾಗೆ ಒಂದೇ ‘ಆದರೆ’ ಸಾಕು. ಜಾಸ್ತಿಯಾದರೆ ಓದುಗರು ಪ್ರತಿ ಹೊಗಳಿಕೆಗೂ ಮುಂದಿನ ಏಟಿಗಾಗಿ ಕಾಯುತ್ತಾರೆ.

ಮುದ್ರಣ ದೋಷದ ಬಗ್ಗೆ ಒಂದು ಮಾತು. ಒಂದು ಅಕ್ಷರ ತಪ್ಪಿ ಶಾಸನದ ಅರ್ಥವೇ ಬದಲಾಗಿದ್ದರೆ ಬರೆಯಿರಿ. ಉಳಿದದ್ದನ್ನು ಒಂದು ಹಾಳೆಯಲ್ಲಿ ಪಟ್ಟಿ ಮಾಡಿ ಪ್ರಕಾಶಕರಿಗೆ ಕಳಿಸಿ.

ಹೆಜ್ಜೆ 6: ಓದುಗರನ್ನು ಒಳಗೆ ಎಳೆದುಕೊಳ್ಳುವುದು

ವಿದ್ವತ್ ಬರಹದಲ್ಲಿ ಬರೆಯುವವರು ಓದುಗರನ್ನು ಹೇಗೆ ಮಾತಾಡಿಸುತ್ತಾರೆ ಎಂಬುದಕ್ಕೂ ಹೈಲ್ಯಾಂಡ್ 2005ರಲ್ಲಿ ಐದು ದಾರಿ ಗುರುತಿಸಿದರು: ‘ನಾವು’, ‘ನೀವು’ ಎಂದು ನೇರವಾಗಿ ಕರೆಯುವುದು, ‘ಗಮನಿಸಿ’, ‘ಹೋಲಿಸಿ ನೋಡಿ’ ಎಂದು ಕೆಲಸ ಹೇಳುವುದು, ಪ್ರಶ್ನೆ ಕೇಳುವುದು, ‘ಎಲ್ಲರಿಗೂ ತಿಳಿದಂತೆ’ ಎಂದು ಸಮಾನ ತಿಳಿವಳಿಕೆಯನ್ನು ನೆನಪಿಸುವುದು, ಮಧ್ಯೆ ಒಂದು ಸ್ವಂತ ಮಾತು ಸೇರಿಸುವುದು.

ಇವುಗಳಲ್ಲಿ ಕೆಲವು ಬೇಗ ಕೈಕೊಡುತ್ತವೆ. ‘ಎಲ್ಲರಿಗೂ ತಿಳಿದಂತೆ’ ಅಂದಾಗ ತಿಳಿಯದ ಓದುಗರು ಸುಮ್ನೆ ಹೊರಗಾಗುತ್ತಾರೆ. ‘ನಾವು’ ಕೂಡ ಹಾಗೇ. ‘ನಾವು ಇದನ್ನು ಒಪ್ಪಲಾರೆವು’ ಅಂದರೆ ಯಾರು ಒಪ್ಪದವರು? ವಿಮರ್ಶಕರೊಬ್ಬರೇ ಆಗಿದ್ದರೆ ‘ನನಗೆ ಒಪ್ಪಿಗೆಯಾಗಲಿಲ್ಲ’ ಅಂದುಬಿಡಿ. ‘124ನೇ ಪುಟದ ಕೋಷ್ಟಕವನ್ನು ನಾವು ಹಿಂದಿನ ಅಧ್ಯಾಯದ ಜೊತೆ ಇಟ್ಟು ನೋಡಿದರೆ’ ಎಂಬಲ್ಲಿ ‘ನಾವು’ ಸರಿ, ಓದುಗರೂ ಜೊತೆಗೆ ಕೂತು ನೋಡುತ್ತಿದ್ದಾರೆ.

ನನ್ನ ಮಟ್ಟಿಗೆ ಈ ಐದಕ್ಕಿಂತಲೂ ಬಲವಾದದ್ದು ಓದುಗರು ತಾವೇ ಮಾಡಿ ನೋಡಬಹುದಾದ ಒಂದು ಉದಾಹರಣೆ. ಇದಕ್ಕೆ ಎಲ್ಲರೂ ನೆನೆಯುವ ನಿದರ್ಶನ 1959ರದು. ವರ್ತನವಾದಿ ಮನಶ್ಶಾಸ್ತ್ರಜ್ಞ ಬಿ.ಎಫ್. ಸ್ಕಿನ್ನರ್ ಭಾಷೆಯ ಬಗ್ಗೆ 1957ರಲ್ಲಿ ಪುಸ್ತಕ ಬರೆದಿದ್ದರು. ನೋಮ್ ಚಾಮ್‌ಸ್ಕಿ ಆಗಿನ್ನೂ ಮೂವತ್ತರ ಹರೆಯದವರು. ‘ಲ್ಯಾಂಗ್ವೇಜ್’ ಪತ್ರಿಕೆಯಲ್ಲಿ ಅದನ್ನು 33 ಪುಟದಷ್ಟು ವಿಮರ್ಶಿಸಿದರು. ನಮ್ಮ ಮಾತು ಎದುರಿಗಿರುವ ಪ್ರಚೋದನೆಯ ಹಿಡಿತದಲ್ಲಿದೆ ಎಂಬುದು ಸ್ಕಿನ್ನರ್ ವಾದ. ಒಂದು ಚಿತ್ರ ನೋಡಿ ಯಾರಾದರೂ ‘ಡಚ್’ (ಡಚ್ ಕಲಾವಿದರ ಚಿತ್ರ ಎಂಬ ಅರ್ಥದಲ್ಲಿ) ಅಂದರೆ, ಆ ಚಿತ್ರದ ಯಾವುದೋ ಸೂಕ್ಷ್ಮ ಗುಣ ಆ ಮಾತನ್ನು ಹೊರಡಿಸಿತು. ಚಾಮ್‌ಸ್ಕಿ ಇದಕ್ಕೆ ದೊಡ್ಡ ತತ್ವ ಹೇಳಲಿಲ್ಲ. ಅದೇ ಚಿತ್ರ ನೋಡಿ ನಾವು ‘ಗೋಡೆಯ ಕಾಗದಕ್ಕೆ ಹೊಂದುತ್ತಿಲ್ಲ’, ‘ವಾಲಿದೆ’, ‘ತೀರ ಕೆಳಗೆ ತೂಗುಹಾಕಿದ್ದಾರೆ’, ‘ಕಳೆದ ಬೇಸಿಗೆಯ ನಮ್ಮ ಪ್ರವಾಸ ನೆನಪಿದೆಯಾ?’ ಅಂದಿದ್ದರೆ ಎಂದು ಕೇಳಿದರು. ಪ್ರತಿ ಮಾತಿಗೂ ಚಿತ್ರದಲ್ಲಿ ಒಂದೊಂದು ಗುಣ ಹುಡುಕುತ್ತಾ ಹೋದರೆ ಪ್ರಚೋದನೆ ಎಂಬ ಪದಕ್ಕೆ ಅರ್ಥವೇ ಉಳಿಯುವುದಿಲ್ಲ. ಏನು ಹೇಳುತ್ತಾರೆ ಎಂದು ಮೊದಲೇ ಊಹಿಸಲೂ ಆಗುವುದಿಲ್ಲ. ಓದುವವರು ತಮಗೆ ಗೊತ್ತಿಲ್ಲದೆಯೇ ಪಟ್ಟಿಗೆ ಇನ್ನೊಂದು ವಾಕ್ಯ ಸೇರಿಸುತ್ತಾರೆ. ಅಲ್ಲಿಗೆ ಓದುಗರು ವಿಮರ್ಶಕರ ಕಡೆ ಬಂದಾಯಿತು.

ಅದೇ ವಿಮರ್ಶೆ ಇನ್ನೊಂದು ಪಾಠವನ್ನೂ ಕೊಡುತ್ತದೆ. 1970ರಲ್ಲಿ ಮನಶ್ಶಾಸ್ತ್ರಜ್ಞ ಕೆನೆತ್ ಮ್ಯಾಕ್‌ಕಾರ್ಕೊಡೇಲ್ ಅದಕ್ಕೆ ಉದ್ದದ ಉತ್ತರ ಬರೆದರು. ಸ್ಕಿನ್ನರ್ ಹೇಳದ, ಬೇರೆ ವರ್ತನವಾದಿಗಳ ಮಾತನ್ನೂ ಸೇರಿಸಿಕೊಂಡು ಚಾಮ್‌ಸ್ಕಿ ಹೊಡೆದಿದ್ದಾರೆ ಎಂಬುದು ಅವರ ಮುಖ್ಯ ದೂರು. ಈ ದೂರು ಬರದಂತೆ ನೋಡಿಕೊಳ್ಳುವ ಸುಲಭ ದಾರಿ ಒಂದಿದೆ. ಟೀಕೆಗೆ ಮೊದಲು ಲೇಖಕರ ವಾದವನ್ನು ಎರಡು ಮೂರು ಸಾಲಿನಲ್ಲಿ, ಅವರೇ ಓದಿದರೂ ‘ಹೌದು, ನಾನು ಹೇಳಿದ್ದು ಇದನ್ನೇ’ ಅನ್ನುವಷ್ಟು ನ್ಯಾಯವಾಗಿ ಬರೆಯಿರಿ. ಅದು ಬರೆಯಲು ಬರಲಿಲ್ಲ ಅಂದರೆ ಪುಸ್ತಕ ಇನ್ನೊಮ್ಮೆ ಓದಬೇಕು ಅಂತ.

ಹೆಜ್ಜೆ 7: ಲೇಖಕರು ಯಾರು ಎಂಬುದು ಲೆಕ್ಕಕ್ಕೆ ಬರುತ್ತದೆಯೇ?

ಬರುತ್ತದೆ. ಮೊದಲ ಪುಸ್ತಕ ಬರೆದವರಿಗೂ ಹತ್ತನೆಯದು ಬರೆದವರಿಗೂ ಒಂದೇ ದನಿ ಬೇಡ. ಪಿಎಚ್‌.ಡಿ. ಪ್ರಬಂಧ ಪುಸ್ತಕವಾಗಿ ಬಂದಿದ್ದರೆ ಅರ್ಧ ತಪ್ಪು ತಿದ್ದದೆ ಬಿಟ್ಟವರದು. ಅಲ್ಲಿ ‘ಮುಂದಿನ ಮುದ್ರಣದಲ್ಲಿ ಹೀಗೆ ಸರಿಪಡಿಸಬಹುದು’ ಎಂಬ ಮಾತು ಉಪಯೋಗಕ್ಕೆ ಬರುತ್ತದೆ. ಹೆಸರು ಮಾಡಿದ ಹಿರಿಯರಾದರೆ ಆ ಸಮಾಧಾನ ಬೇಡ, ಗೌರವ ಸಾಕು. ‘ಅವರು’ ಎಂಬ ಬಹುವಚನ ಕೊನೆಯವರೆಗೂ ಇರಲಿ, ಆಕ್ಷೇಪವೂ ಪೂರ್ತಿ ಇರಲಿ. ನಮ್ಮಲ್ಲಿ ನಡೆಯುವುದು ಇದರ ಉಲ್ಟಾ: ಕಿರಿಯರ ಮೇಲೆ ಕೆಂಡ, ಹಿರಿಯರ ಮುಂದೆ ನಮಸ್ಕಾರ.

ಹೆಜ್ಜೆ 8: ಪ್ರಬಂಧದ ಪರಿಶೀಲನೆಯಾದರೆ

ಪತ್ರಿಕೆಯವರು ಅಚ್ಚಾಗದ ಪ್ರಬಂಧವನ್ನು ಪೀರ್ ರಿವ್ಯೂಗೆ, ಅಂದರೆ ಅದೇ ವಿಷಯ ಬಲ್ಲವರ ಪರಿಶೀಲನೆಗೆ, ಕಳಿಸಿದಾಗ ಓದುಗರು ಇಬ್ಬರೇ, ಸಂಪಾದಕರು ಮತ್ತು ಲೇಖಕರು. ಮೇಲೆ ಹೇಳಿದ್ದೆಲ್ಲ ಇಲ್ಲಿಗೂ ಸಲ್ಲುತ್ತದೆ. ಆದರೆ ಇಲ್ಲಿ ಲೇಖಕರು ತಿದ್ದಬಲ್ಲರು, ಹಾಗಾಗಿ ‘ಬಹುದಿತ್ತು’ಗೆ ಜಾಗವೇ ಇಲ್ಲ. ಆಕ್ಷೇಪಗಳಿಗೆ ಸಂಖ್ಯೆ ಹಾಕಿ. ತಿದ್ದಲೇಬೇಕಾದದ್ದನ್ನೂ ತಿದ್ದಿದರೆ ಒಳ್ಳೆಯದು ಅನ್ನುವುದನ್ನೂ ಬೇರೆ ಮಾಡಿ. ನಿಮ್ಮದೇ ಲೇಖನ ಉಲ್ಲೇಖಿಸಿ ಅಂತ ಹೇಳುವ ಆಸೆ ಬಂದರೆ ಎದ್ದು ಒಂದು ಸುತ್ತು ಹಾಕಿ ಬನ್ನಿ. ಸಂಪಾದಕರಿಗೆ ಗುಟ್ಟಾಗಿ ‘ತಿರಸ್ಕರಿಸಿ’ ಎಂದು ಬರೆದು ಲೇಖಕರಿಗೆ ‘ಚಿಕ್ಕಪುಟ್ಟ ತಿದ್ದುಪಡಿ’ ಎಂದು ಬರೆಯಬೇಡಿ. ಇಬ್ಬರೂ ಗೊಂದಲಕ್ಕೆ ಬೀಳುತ್ತಾರೆ.

ಸರಿಯಾದ ಆಕ್ಷೇಪವೂ ಕೆಲವೊಮ್ಮೆ ತಲುಪುವುದಿಲ್ಲ. 1936ರಲ್ಲಿ ಆಲ್ಬರ್ಟ್ ಐನ್‌ಸ್ಟೈನ್ ಮತ್ತು ನೇಥನ್ ರೋಸನ್ ಗುರುತ್ವ ತರಂಗಗಳು ಇಲ್ಲ ಎನ್ನುವ ಪ್ರಬಂಧವನ್ನು ‘ಫಿಸಿಕಲ್ ರಿವ್ಯೂ’ಗೆ ಕಳಿಸಿದರು. ಸಂಪಾದಕ ಜಾನ್ ಟೇಟ್ ಅದನ್ನು ಪರಿಶೀಲಕರಿಗೆ ಕೊಟ್ಟು, ಬಂದ ಟಿಪ್ಪಣಿಯನ್ನು ಹಿಂದಕ್ಕೆ ಕಳಿಸಿದರು. ಅಚ್ಚಿಗೆ ಮೊದಲೇ ಬೇರೆಯವರಿಗೆ ತೋರಿಸಿದ್ದಕ್ಕೆ ಐನ್‌ಸ್ಟೈನ್‌ಗೆ ಸಿಟ್ಟು ಬಂತು, ಪ್ರಬಂಧ ವಾಪಸ್ ಪಡೆದರು. ಆ ಪರಿಶೀಲಕ ಹೊವರ್ಡ್ ರಾಬರ್ಟ್‌ಸನ್ ಎಂದು ಬಹಳ ವರ್ಷಗಳ ಮೇಲೆ ಖಚಿತವಾಯಿತು. ಅವರೂ ಐನ್‌ಸ್ಟೈನ್ ಇದ್ದ ಪ್ರಿನ್ಸ್‌ಟನ್‌ನಲ್ಲೇ ಇದ್ದವರು. ತಾವೇ ಪರಿಶೀಲಕ ಅಂತ ಹೇಳದೆ, ಐನ್‌ಸ್ಟೈನ್‌ರ ಸಹಾಯಕ ಲಿಯೊಪೋಲ್ಡ್ ಇನ್ಫೆಲ್ಡ್ ಜೊತೆ ಹೀಗೇ ಮಾತಿನ ನಡುವೆ ಅದೇ ದೋಷ ತೋರಿಸಿದರು. 1937ರಲ್ಲಿ ಪ್ರಬಂಧ ಬೇರೆ ಪತ್ರಿಕೆಯಲ್ಲಿ ಬಂದಾಗ ತೀರ್ಮಾನ ಬದಲಾಗಿತ್ತು. ಬರಹದ ಟೀಕೆಗೆ ಬೀಳದ ಕಿವಿ ಎದುರು ಕೂತು ಆಡಿದ ಮಾತಿಗೆ ಬಿತ್ತು.

ಕಳಿಸುವ ಮೊದಲು

ಉದ್ಧರಿಸಿದ ಪ್ರತಿ ವಾಕ್ಯವನ್ನೂ ಪುಸ್ತಕದ ಜೊತೆ ತಾಳೆ ನೋಡಿ. ಒಂದು ಪುಟ ಸಂಖ್ಯೆ ತಪ್ಪಿದರೂ ಲೇಖಕರ ಉತ್ತರ ಅಲ್ಲಿಂದಲೇ ಶುರುವಾಗುತ್ತದೆ. ಪುಸ್ತಕದ ಹೆಸರು, ಲೇಖಕರು, ಪ್ರಕಾಶಕರು, ವರ್ಷ, ಪುಟ, ಬೆಲೆ ಮೇಲೆ ಬರಲಿ. ಮಾದರಿ ಬೇಕಿದ್ದರೆ ಹಳೆಯ ‘ಪ್ರಬುದ್ಧ ಕರ್ನಾಟಕ’ದ ಸಂಚಿಕೆಗಳನ್ನು ಗ್ರಂಥಾಲಯದಲ್ಲಿ ತಿರುವಿ ಹಾಕಿ. 1919ರಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಕರ್ನಾಟಕ ಸಂಘದಿಂದ ಹೊರಟ ಪತ್ರಿಕೆ ಅದು. ಆಮೇಲೆ ನಿಮ್ಮ ವಿಮರ್ಶೆಯನ್ನು ಆ ವಿಷಯ ಗೊತ್ತಿಲ್ಲದ ಒಬ್ಬರಿಗೆ, ಗೊತ್ತಿರುವ ಒಬ್ಬರಿಗೆ ಓದಲು ಕೊಡಿ. ಮೊದಲಿನವರನ್ನು ‘ಪುಸ್ತಕದಲ್ಲಿ ಏನಿದೆ?’ ಅಂತ ಕೇಳಿ. ಎರಡನೆಯವರನ್ನು ‘ಇದರಲ್ಲಿ ಯಾವ ಆಕ್ಷೇಪ ನಿಲ್ಲುವುದಿಲ್ಲ?’ ಅಂತ ಕೇಳಿ. ಅವರು ತೋರಿಸಿದ್ದನ್ನು ಹೊಡೆದುಹಾಕಿ ಕಳಿಸಿ.

ಅಚ್ಚಾದ ಮೇಲೆ ಲೇಖಕರು ಪತ್ರಿಕೆಗೆ ಉತ್ತರ ಬರೆದರೆ, ಸಂಗತಿಯ ಮಾತಿಗೆ ಮಾತ್ರ ಮರುಉತ್ತರ ಕೊಡಿ. ಅಭಿಪ್ರಾಯದ ಬಗ್ಗೆ ಅವರು ಹೇಳಿದ್ದು ಹಾಗೇ ಇರಲಿ.